ಕೆಂಪು ಇಳಿಯುವ ಗೆರೆ

ಇಳಕಲ್ಲ
೧೧ ಫೆಬ್ರವರಿ ೧೯೭೯, ರವಿವಾರ

ಗೆಳೆಯ ಅಹ್ಮದಸಾಬನಿಗೆ,

ಅಮಾತೆಪ್ಪನ ನಮಸ್ಕಾರ. ನಿನ್ನ ಎರಡು ಕಾಗದ ಬಂದಿವೆ, ಒಂದಕ್ಕೂ ಉತ್ತರ ಬರೆಯಲಿಲ್ಲ. ಬರೆಯಲು ಕೂತರೆ ಬರೀ ಬೈಗುಳವೇ ಬರುತ್ತಿತ್ತು. ಅದನ್ನು ನಿನ್ನ ಹಾಸ್ಟೆಲಿನ ಮಂದಿಯೆಲ್ಲ ಓದಿ ನಗುವುದು ಬೇಡವೆಂದು ಸುಮ್ಮನಿದ್ದೆ. ಈಗ ಸಿಟ್ಟು ಸ್ವಲ್ಪ ಇಳಿದಿದೆ. ಪೂರ್ತಿ ಇಳಿದಿಲ್ಲ. ತಡವಾಯಿತೆಂದು ಮುನಿಸಿಕೊಂಡಿದ್ದರೆ ಮುನಿಸಿಕೋ, ಆದರೆ ಇದನ್ನು ಕೊನೆಯ ತನಕ ಓದು.

ನಿಮ್ಮವ್ವ ಕಾಸಿಂಬಿ ಆರಾಮಿದ್ದಾಳೆ. ಕೆಮ್ಮು ಹೋಗಿದೆ. ನಾವು ಕೆಲಸ ಮಾಡುವ ಬಣ್ಣದ ಮನೆಯ ಪಡಸಾಲೆಯಲ್ಲಿ ಕೂತು ರೇಷ್ಮೆ ಸುತ್ತುತ್ತ, ಬಂದವರನ್ನು ಹೋದವರನ್ನು ಮಾತಿನಲ್ಲಿ ಹಣಿಯುವುದನ್ನು ಮಾತ್ರ ಬಿಟ್ಟಿಲ್ಲ. ಮೊನ್ನೆ ನನಗೂ ಬಿತ್ತು. “ಏ ಅಮಾತೆಪ್ಪಾ, ನನ್ನ ಮಗಾ ಬಾಗಲಕೋಟಿಗೆ ತಾ ಕಲಿಯಾಕ ಹೋಗ್ಯಾನೋ, ಟಪಾಲಿನ್ಯಾಗ ನಿನಗ ಕಲಸಾಕ ಹೋಗ್ಯಾನೋ?” ಅವಳು ಕೇಳಿದ್ದು ನಿಜವೇ. ಒಂಬತ್ತನೆಯ ಇಯತ್ತೆಯಲ್ಲಿ ಗಣಿತದ ಮಾಸ್ತರ ನನ್ನ ಕೈಯ ಬಣ್ಣ ನೋಡಿ “ಇಂಥಾ ಕೈಲೆ ಪುಸ್ತಕ ಮುಟ್ಟಬ್ಯಾಡ” ಎಂದ. ಪುಸ್ತಕವನ್ನು ಅವನ ಮೇಜಿನ ಮೇಲೆ ಎಸೆದು ಬಂದವನು ನಾನು. ಈಗ ಅದೇ ಕೈಯಿಂದ ನೀನು ಕಳಿಸಿದ ಲಾಗ್ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡುತ್ತಿದ್ದೇನೆ. ಹಾಳೆಯ ಅಂಚೆಲ್ಲ ಕೆಂಪಾಗಿದೆ. ಆಗಲಿ.

ದೀಪಾವಳಿಯ ನಂತರ ನಡೆದದ್ದು ನಿನಗೆ ಅರ್ಧ ಗೊತ್ತು. ಬಾದಾಮಿಯ ಒಬ್ಬ ವ್ಯಾಪಾರಿ ಸೀರೆಯ ಗಂಟನ್ನು ವಾಪಸು ಕಳಿಸಿದ. ಒಂದೇ ಒಗೆತಕ್ಕೆ ಸೆರಗಿನ ಕೆಂಪು ಕರಗಿ ಅದರಲ್ಲಿ ನೇಯ್ದ ಬಿಳಿ ಟೋಪಿನ ಪಟ್ಟೆಗಳೆಲ್ಲ ಗುಲಾಬಿಯಾಗಿದ್ದವು. ನಮ್ಮ ಸಾಹುಕಾರ ಅಂದಾನಪ್ಪ ಗಂಟನ್ನು ಅಂಗಳದಲ್ಲಿ ಬಿಚ್ಚಿ ಹಾಕಿ, “ಯಾರ ಪುಣ್ಯಾ ಇದು?” ಎಂದ. ಕೆಂಪಿನ ಪಾತ್ರೆಯ ಮುಂದೆ ನಿಲ್ಲುವವರು ಇಬ್ಬರೇ, ನಮ್ಮಪ್ಪ ಲಕ್ಷ್ಮಪ್ಪ ಮತ್ತು ನಾನು. ರೇಷ್ಮೆ ನೂಲಿನ ಲಡಿಗಳನ್ನು ಬಣ್ಣದ ನೀರಿನಿಂದ ನಾನೇ ಅವಸರ ಮಾಡಿ ಮೊದಲೇ ಎತ್ತಿದೆ ಎಂದು ತೀರ್ಮಾನವಾಯಿತು. ನನ್ನನ್ನು ಅಲ್ಲಿಂದ ತೆಗೆದು ನೀರು ಹೊರಲು ಹಚ್ಚಿದರು. “ಶಿವರಾತ್ರಿ ತನಾ ನೋಡ್ತೇನಿ. ಮತ್ತ ಬಣ್ಣಾ ಬಿಟ್ಟರ ಕೆಂಪು ಕೆಲಸೆಲ್ಲಾ ಕಮತಗಿ ಬಣ್ಣಗಾರರಿಗೆ ಕೊಡ್ತೇನಿ. ಆಮ್ಯಾಲ ತಂದಿ ಮಗಾ ಇಬ್ಬರೂ ಕೂಡೇ ಮನ್ಯಾಗ ಕುಂಡರ್ರಿ” ಎಂದ ಸಾಹುಕಾರ.

ಅಪ್ಪ “ಎತ್ತು” ಎನ್ನದೆ ನಾನು ಒಂದು ಲಡಿಯನ್ನೂ ಎತ್ತಿದವನಲ್ಲ. ಅದನ್ನು ಕೂಗಿ ಹೇಳಿದೆ. ನಾನು ಕೂಗಿ ಹೇಳಿದ್ದನ್ನು ಈ ಊರಲ್ಲಿ ಯಾರು ಕೇಳುತ್ತಾರೆ? “ಹುಡುಗಗ ಪಿತ್ತಾ ಭಾಳ” ಎಂದು ನಕ್ಕರು. ಆಗ ನನಗೆ ಹೊಳೆದದ್ದು ಬೋರಿನ ನೀರು. ಸಾಹುಕಾರ ಹೊಸದಾಗಿ ಬೋರು ಹಾಕಿಸಿ ಬಾವಿಯ ನೀರು ಬಿಡಿಸಿದ್ದ. ಆ ನೀರಲ್ಲಿ ರೇಷ್ಮೆ ಬಣ್ಣ ಕುಡಿಯುವುದಿಲ್ಲ, ಹಾಳಾದದ್ದೇ ಅದರಿಂದ ಎಂದು ಬಜಾರದಲ್ಲಿ ನಿಂತು ಸಾರಿಬಿಟ್ಟೆ. ಹಾಗೆ ಸಾರಿ ಬಂದೇ ನಿನಗೆ ಕಾಗದ ಬರೆದದ್ದು, ಇದನ್ನು ಸಿದ್ಧ ಮಾಡಿ ತೋರಿಸುವುದು ಹೇಗೆಂದು.

ನೀನು ಹೇಳಿದಂತೆಯೇ ಮಾಡಿದೆ. ದವಾಖಾನೆಯ ಕಂಪೌಂಡರನನ್ನು ಕಾಡಿ ಒಂದೇ ಅಳತೆಯ ಖಾಲಿ ಇಂಜೆಕ್ಷನ್ ಬಾಟಲಿ ತಂದೆ. ಮೊದಲನೆಯದರಲ್ಲಿ ರೇಷ್ಮೆ ಇಳಿಸುವ ಮುಂಚಿನ ಬಣ್ಣದ ನೀರು. ಎರಡನೆಯದರಲ್ಲಿ ಅದರ ಅರ್ಧ ಕಡುಪು, ಮೂರನೆಯದರಲ್ಲಿ ಅದರ ಅರ್ಧ, ಹೀಗೆ ಆರನೆಯದರ ತನಕ, ನೀರು ಬೆರೆಸುತ್ತ ಹೋದೆ. ಆಮೇಲೆ ಒಮ್ಮೆ ಬಾವಿಯ ನೀರಿನಲ್ಲಿ, ಒಮ್ಮೆ ಬೋರಿನದರಲ್ಲಿ ರೇಷ್ಮೆ ಕುದಿಯುತ್ತಿರುವಾಗ ಆಗಾಗ ಒಂದು ಸೌಟು ನೀರು ತೆಗೆದು, ಆರಿಸಿ, ಬಿಸಿಲಿಗೆ ಹಿಡಿದು, ಇದು ಯಾವ ಬಾಟಲಿಗೆ ಸರಿಹೋಗುತ್ತದೆ ಎಂದು ನೋಡಿದೆ.

ಎಷ್ಟು ಹೊತ್ತಿಗೆ ಎಷ್ಟು ಬಣ್ಣ ಉಳಿಯಿತೆಂದು ಮೊದಲು ಸಾದಾ ಚೌಕಳಿ ಹಾಳೆಯ ಮೇಲೆ ಬರೆದೆ. ಗೆರೆ ಬಾದಾಮಿ ಗುಡ್ಡದ ಗೋಡೆಯ ಹಾಗೆ ದಡಕ್ಕನೆ ಇಳಿದು, ಆಮೇಲೆ ಅದರ ಕೆಳಗಿನ ಅಗಸ್ತ್ಯತೀರ್ಥದ ಕೆರೆಯ ನೀರಿನ ಹಾಗೆ ಚಪ್ಪಟೆ ಮಲಗಿತು. ಬಾವಿ ನೀರಿನದೂ ಹಾಗೇ, ಬೋರಿನದೂ ಹಾಗೇ. ಎರಡು ಸೊಟ್ಟ ಗೆರೆಗಳಲ್ಲಿ ಯಾವುದು ಚುರುಕು, ಯಾವುದು ಮಂದ ಎಂದು ಹೇಗೆ ಹೇಳುವುದು? ನೀನು ಕಳಿಸಿದ ಹಾಳೆಯನ್ನು ಆಗ ತೆಗೆದೆ. ಅದರ ಅಡ್ಡಗೆರೆಗಳು ಒಂದು ಕಡೆ ಅಗಲ, ಒಂದು ಕಡೆ ಇಕ್ಕಟ್ಟು. ಛಾಪಖಾನೆಯವನು ಕುಡಿದು ಅಚ್ಚು ಹಾಕಿದ್ದಾನೆ ಎಂದುಕೊಂಡೆ. ಆದರೆ ನನ್ನ ಬಾಟಲಿಗಳನ್ನು ಅದರ ಮೇಲೆ ಗುರುತು ಮಾಡಿದಾಗ ಬೆರಗಾದೆ ಕಣೋ. ನೂರು, ಐವತ್ತು, ಇಪ್ಪತ್ತೈದು, ಹನ್ನೆರಡೂವರೆ, ಎಲ್ಲವೂ ಏಣಿಯ ಮೆಟ್ಟಿಲಿನಂತೆ ಸಮ ದೂರದಲ್ಲಿ ನಿಂತವು! ಎಷ್ಟು ಕಳೆಯಿತು ಎಂದು ಅಲ್ಲ, ಎಷ್ಟು ಪಾಲು ಕಳೆಯಿತು ಎಂದು ಆ ಹಾಳೆ ಕೇಳುತ್ತದೆ. ರೇಷ್ಮೆಯೂ ಹಾಗೆಯೇ ಕುಡಿಯುತ್ತದೆ. ಇದ್ದದ್ದರಲ್ಲಿ ಅರ್ಧ, ಉಳಿದದ್ದರಲ್ಲಿ ಅರ್ಧ. ಚುಕ್ಕೆ ಕೂಡಿಸಿದರೆ ನೇರ ಗೆರೆ, ದಾರ ಜಗ್ಗಿ ಹಿಡಿದಂತೆ. ಕೊನೆಯ ಒಂದೆರಡು ಮಾತ್ರ ಗೆರೆ ಬಿಟ್ಟು ನಿಂತವು. ಅಲ್ಲಿ ನೀರು ಎಷ್ಟು ತಿಳಿಯೆಂದರೆ ನನ್ನ ಕಣ್ಣೇ ಸೋತಿತು.

ಖುಷಿಯಲ್ಲಿ ಎರಡನೆಯ ಗೆರೆಯನ್ನೂ ಎಳೆದೆ. ಎಳೆದು ಕೂತುಬಿಟ್ಟೆ. ಬಾವಿ ನೀರಿನ ಗೆರೆ, ಬೋರಿನ ಗೆರೆ, ಎರಡೂ ಒಂದೇ ಓರೆಯಲ್ಲಿ ಇಳಿದಿದ್ದವು. ಒಂದರ ಮೇಲೊಂದು ಮಲಗಿದ್ದವು ಎಂದರೂ ಸರಿ. ಬೋರಿನ ನೀರಿನದು ಏನೂ ತಪ್ಪಿಲ್ಲ!

ಹಾಳೆ ಹರಿದು ಒಲೆಗೆ ಹಾಕಬೇಕು ಅನ್ನಿಸಿತು. ನಿನ್ನ ಮೇಲೂ ಸಿಟ್ಟು ಬಂತು. ನನ್ನ ಪರ ಸಾಕ್ಷಿ ಹೇಳಲಿ ಎಂದು ಕರೆತಂದರೆ ಅದು ಸಾಹುಕಾರನ ಪರ ಹೇಳಿತಲ್ಲ. ನೀರಿನದು ತಪ್ಪಲ್ಲ ಎಂದರೆ ಉಳಿದದ್ದು ಒಂದೇ, ಲಡಿ ಮೊದಲೇ ಎದ್ದಿದೆ. ನಾನು ಎತ್ತಿಲ್ಲ ಎಂದರೆ ಎತ್ತಿಸಿದವನು ಅಪ್ಪ. ಬೋರಿನ ಮಾತು ತಪ್ಪಾಯಿತೆಂದು ಸಾಹುಕಾರನಿಗೆ ಹೇಳಿದೆ. ಅವನು ಮೀಸೆಯಲ್ಲೇ ನಕ್ಕು, “ಬಜಾರದಾಗ ಹೋಗಿ ಅದನ್ನೂ ಸಾರಿ ಬಾ” ಎಂದ. ಹೋಗಿ ಸಾರಿದೆ. ಮೊದಲು ಸುಳ್ಳು ಸಾರಿದವನೂ ನಾನೇ ಅಲ್ಲವೇ.

ಮರುದಿನ ಅಪ್ಪನ ಮುಂದೆ ಕೂತೆ. “ನೀ ಯಾವಾಗ ಎತ್ತು ಅಂತೀಯೋ ಅದನ್ನ ಗೆರೀ ಮ್ಯಾಲೆ ಗುರ್ತ ಮಾಡ್ತೇನಿ” ಎಂದೆ. ಅಪ್ಪನಿಗೆ ಗಡಿಯಾರ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಇಲ್ಲಿಯ ಬಣ್ಣಗಾರರದು ಒಂದೇ ಲೆಕ್ಕ. ಬಣ್ಣದ ನೀರಿನಲ್ಲಿ ಪಾತ್ರೆಯ ತಳ ಕಂಡರೆ ಲಡಿ ಎತ್ತಬೇಕು. ಅಪ್ಪ ಬಗ್ಗಿ ಇಣುಕಿ, ಲಡಿಯನ್ನು ಕೋಲಿನಿಂದ ಸರಿಸಿ, “ತಳಾ ಕಂಡ್ತು. ಎತ್ತು” ಎಂದ. ನಾನು ಗುರುತು ಮಾಡಿದೆ. ಮೂರನೆಯ ಬಾಟಲಿ ಈಗಷ್ಟೇ ದಾಟಿತ್ತು. ಗೆರೆಯಲ್ಲಿ ಇಳಿಯುವುದು ಇನ್ನೂ ಅರ್ಧಕ್ಕರ್ಧ ಬಾಕಿ.

“ಅಪ್ಪಾ, ನಿನ್ನ ಕಣ್ಣು...” ಎಂದೆ.

“ನನ್ನ ಕಣ್ಣಿಗೆ ಏನ ಆಗೇತಿ? ನಿನ್ನ ಮೂಗಿನ ಮ್ಯಾಲಿನ ಸಿಟ್ಟೂ ಕಾಣತೈತಿ, ಹಂಡೀ ತಳಾನೂ ಕಾಣತೈತಿ” ಎಂದ ಅಪ್ಪ.

ಪಡಸಾಲೆಯಿಂದ ನಿಮ್ಮವ್ವ ಕೂಗಿದಳು. “ತಳಾ ಕಾಣದ ಏನ ಮಾಡೀತೋ? ದೀಪಾವಳಿಗೆ ಸಾಹುಕಾರ ತಂದಿದ್ದು ಸ್ಟೀಲಿನ ಪಾತಿಲಿ. ಅದರಾಗ ಮುಖಾ ನೋಡಿ ನಾ ಸುರ್ಮಾ ಹಚ್ಚಿಕೊಳ್ತೇನಿ!”

ಅಪ್ಪ ನನ್ನ ಮುಖ ನೋಡಿದ, ನಾನು ಅಪ್ಪನ ಮುಖ ನೋಡಿದೆ. ಮೊದಲು ನಾವು ಬಣ್ಣ ಕುದಿಸುತ್ತಿದ್ದ ಹಳೆಯ ತಾಮ್ರದ ಹಂಡೆ ಒಳಗೆಲ್ಲ ಕರ್ರಗಿತ್ತು. ಅದರ ತಳ ಕಾಣಬೇಕಾದರೆ ನೀರು ಪೂರ್ತಿ ತಿಳಿಯಾಗಬೇಕಿತ್ತು. ಈ ಫಳಫಳ ಸ್ಟೀಲಿನ ತಳ ಇನ್ನೂ ಬಣ್ಣ ಇರುವಾಗಲೇ ಹೊಳೆದು ಕಾಣುತ್ತದೆ. ಹಿತ್ತಲಿಗೆ ಓಡಿ, ಮೂಲೆಗೆ ಬಿದ್ದಿದ್ದ ಆ ಹಂಡೆಯಲ್ಲಿ ತುಂಬಿಟ್ಟಿದ್ದ ಹೊಟ್ಟು ಸುರಿದು, ತೊಳೆದು ತಂದೆ. ಅದೇ ಬಣ್ಣ, ಅದೇ ಬೋರಿನ ನೀರು. ಗೆರೆ ಅದೇ ಓರೆಯಲ್ಲಿ ಇಳಿಯಿತು. ಅಪ್ಪ “ಎತ್ತು” ಎಂದಾಗ ಮಾತ್ರ ಆರನೆಯ ಬಾಟಲಿಗೆ ಬಂದು ಮುಟ್ಟಿತ್ತು. ಎರಡೂ ಲಡಿಗೆ ಬಿಳಿ ದಾರ ಕಟ್ಟಿ ಸಾಬೂನಿನಲ್ಲಿ ತಿಕ್ಕಿದೆ. ಸ್ಟೀಲಿನದಕ್ಕೆ ಕಟ್ಟಿದ ದಾರ ಗುಲಾಬಿಯಾಯಿತು. ತಾಮ್ರದ್ದಕ್ಕೆ ಕಟ್ಟಿದ್ದು ಬಿಳಿಯಾಗಿಯೇ ಉಳಿಯಿತು.

ಸಾಹುಕಾರ ದಾರ ನೋಡಿದ, ಹಾಳೆ ನೋಡಿದ, ಹಾಳೆಯನ್ನು ತಲೆಕೆಳಗು ಮಾಡಿಯೂ ನೋಡಿದ. “ಹಂಗಾದರ ನಾ ರೊಕ್ಕಾ ಕೊಟ್ಟು ತಂದ ಪಾತಿಲಿದ ತಪ್ಪೇನು?” ಎಂದ. “ಪಾತಿಲಿದೂ ಅಲ್ಲ, ತಳಾ ನೋಡೂ ರೂಢೀದು. ಸ್ಟೀಲ್ ಇರಲಿ, ಅದು ಲಗೂನ ಕಾಯತೈತಿ. ತಳಾ ಬಿಟ್ಟು ಬಾಟ್ಲಿ ನೋಡಿ ಎತ್ತೂಣು” ಎಂದೆ. ಕೂಗದೆ ಹೇಳಿದೆ, ನಂಬುತ್ತೀಯಾ? ಅವನು ಮೀಸೆ ತಿರುವಿ, “ಸೋಮವಾರದಿಂದ ನೀನ ನಿಂದ್ರು ಕೆಂಪಿಗೆ. ಕಮತಗಿ ಮಾತು ಬಿಡ್ರಿ” ಎಂದು ಹೋದ. ಹೋಗುವಾಗ ಬಾಗಿಲಲ್ಲಿ ತಿರುಗಿ, “ನೀಲಿಗೂ ಒಂದು ಗೆರೀ ಹೊಡಿ” ಎಂದ.

ಅದಕ್ಕೆ ಹಾಳೆ ಬೇಕು. ಇನ್ನೊಂದು ನಾಲ್ಕು ಕಳಿಸು. ಆ ಲಾಗ್ ಪಟ್ಟಿಯ ಪುಸ್ತಕ ಹಳೆಯದು ಸಿಕ್ಕರೆ ಅದನ್ನೂ ಕಳಿಸು. ಹಾಳೆ ಇಲ್ಲದೆ ಸಾದಾ ಕಾಗದದ ಮೇಲೆ ಅದೇ ಗೆರೆ ಎಳೆಯುವುದು ಹೇಗೆಂದು ನೋಡಬೇಕು. ಖಾಸಗಿಯಾಗಿ ಮ್ಯಾಟ್ರಿಕ್ ಕಟ್ಟು ಎಂದು ನೀನು ಎರಡು ಸಲ ಬರೆದೆ. ಆಗ ಮನಸ್ಸಿನಲ್ಲೇ ಬೈದಿದ್ದೆ. ಈಗ ಬೈಯುತ್ತಿಲ್ಲ, ಅಷ್ಟು ಮಾತ್ರ ಹೇಳುತ್ತೇನೆ.

ನಿಮ್ಮವ್ವ ದುವಾ ಹೇಳಿದ್ದಾಳೆ. ನಮ್ಮವ್ವ ಸಾವಿತ್ರೆವ್ವ, ಹೊತ್ತಿಗೆ ಸರಿಯಾಗಿ ಉಣ್ಣು, ನಿನಗೆ ಒಳ್ಳೆಯದಾಗಲಿ ಎಂದು ಹರಸಿದ್ದಾಳೆ. ಪರೀಕ್ಷೆಯಲ್ಲಿ ನಿನ್ನ ಕೈ ನಡುಗದಿರಲಿ.

ನಿನ್ನ
ಅಮಾತೆಪ್ಪ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಅಂದು ಸಾಹುಕಾರ “ಯಾರ ಪುಣ್ಯಾ ಇದು?” ಎಂದಾಗ ನನ್ನ ಹೆಸರು ಹೇಳಿದವನು ಅವನಲ್ಲ. ಅಪ್ಪ. ನಾನು ಎದುರಿಗೇ ನಿಂತಿದ್ದೆ. ನನ್ನ ಕಡೆ ನೋಡದೆ, “ಹುಡುಗ ಎತ್ಯಾನ್ರಿ” ಎಂದುಬಿಟ್ಟ. ನೀರು, ಬಾಟಲಿ, ಗೆರೆ ಎಲ್ಲ ಅದರ ಸಲುವಾಗಿ. ನಿನ್ನೆ ಕೇಳಿದೆ, “ಯಾಕ ಅಂದಿ?” ಎಂದು. ಅಪ್ಪ ಹೇಳಿದ, “ಕಣ್ಣು ಹೋದ್ವೋ ಏನೋ ಅಂತ ನನಗ ಭಯಾ ಆಗಿತ್ತೋ. ನಿನ್ನ ತೆಗದ್ರ ಇನ್ನೊಂದು ಕಡೆ ಕೆಲಸಾ ಸಿಗತೈತಿ. ನನಗ ಯಾರು ಕೊಡ್ತಾರ?” ನಾನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಇನ್ನೂ ಉರಿಯುತ್ತದೆ, ಅಹ್ಮದ. ಆದರೆ ಇವತ್ತು ಬೆಳಿಗ್ಗೆ ಸಾಹುಕಾರನ ಮನೆಗೆ ಅಪ್ಪ ತಾನೇ ನಡೆದು ಹೋಗಿ, “ನನ್ನ ಮಗಾ ಎತ್ತಿರಲಿಲ್ಲರಿ, ನಾ ಸುಳ್ಳು ಹೇಳಿದ್ದೆ” ಎಂದು ಬಂದಿದ್ದಾನಂತೆ. ನನಗೆ ಹೇಳಲಿಲ್ಲ. ನಿಮ್ಮವ್ವ ಹೇಳಿದಳು.