ಬಲಕ್ಕೆ ಬಿದ್ದ ಹೂವು

ಮಾರ್ಚ್ 7, ಶುಕ್ರವಾರ. ಶಿಕಾರಿಪುರ

ಹಾಸ್ಟೆಲಿನಲ್ಲಿ ಇವತ್ತೂ ಉಪ್ಪಿಟ್ಟು. ತಿಂದೆ. ಸಂಜೆ ಸೈಬರ್‌ಗೆ ಹೋದೆ. ನೀಟ್ ಅರ್ಜಿಗೆ ಇವತ್ತೇ ಕೊನೆ ದಿನ. ಸಿಇಟಿಯದು ಹೋದ ತಿಂಗಳೇ ತುಂಬಿಯಾಗಿದೆ. ಒಟಿಪಿ ಅಪ್ಪನ ಫೋನಿಗೆ ಹೋಯಿತು. ಅಪ್ಪ ಅಂಬ್ಲಿಗೊಳದ ಕಡೆ ಶುಂಠಿ ಹೊಲದಲ್ಲಿ, ಸಿಗ್ನಲ್ ಇಲ್ಲ. ಎಂಟರ ತನಕ ಅಂಗಡಿ ತೆಗೆದಿರುತ್ತೆ, ಮತ್ತೆ ಬಾ ಎಂದ ಸೈಬರಿನ ಮಾಸ್ತಪ್ಪಣ್ಣ. ಆಗಲಿ ಎಂದೆ.

ಹೋಗಲಿಲ್ಲ. ಯಾಕೋ ಗೊತ್ತಿಲ್ಲ... ಹಠ ಅಲ್ಲ. ಭಯವೂ ಅಲ್ಲ. ಮಂಚದ ಮೇಲೆ ಕೂತೇ ಇದ್ದೆ, ಅಷ್ಟೇ.

ಮಾರ್ಚ್ 8

ಅಪ್ಪನ ಫೋನ್. ಅರ್ಜಿ ಹಾಕಿದೆಯಾ? ಆಯ್ತು ಎಂದೆ. ಸುಳ್ಳು ಹೇಳುವುದು ಇಷ್ಟು ಸಲೀಸು ಅಂತ ಗೊತ್ತಿರಲಿಲ್ಲ.

ಮಾರ್ಚ್ 24, ಸೋಮವಾರ. ಕುಬಟೂರು

ಪಿಯುಸಿ ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೇನೆ. ಇನ್ನೊಂದು ತಿಂಗಳು ಯಾವುದಕ್ಕೆ ಓದಬೇಕು ಅಂತ ಪಂಚಾಯಿತಿ. ಎರಡು ದೋಣಿಯ ಮೇಲೆ ಕಾಲಿಡಬೇಡ ಅಂತ ಲೆಕ್ಚರರ್ ಹೇಳಿದ್ದರು. ಅಪ್ಪನಿಗೆ ನೀಟ್ ಆಗಬೇಕು. ಆನವಟ್ಟಿ ಮಾವನಿಗೆ ಸಿಇಟಿ. ಬಗೆಹರಿಯದೆ ಅಜ್ಜಿ ಮನೆಯವರನ್ನೆಲ್ಲ ಅಮ್ಮನವರ ಗುಡಿಗೆ ಎಳೆದುಕೊಂಡು ಹೋದಳು — ಹೂ ಕೇಳುವುದಕ್ಕೆ. ಬಲಕ್ಕೆ ಬಿದ್ದರೆ ನೀಟ್, ಎಡಕ್ಕೆ ಬಿದ್ದರೆ ಸಿಇಟಿ. ಪೂಜಾರಿ ಜಯಪ್ಪ ಎರಡನ್ನೂ ಅದಲುಬದಲು ಮಾಡಿ ಹೇಳಿದ, ಅಜ್ಜಿ ತಿದ್ದಿದಳು.

ಹಾಕದ ಅರ್ಜಿಗೆ ದೇವರ ಅಪ್ಪಣೆ ಕಾಯುತ್ತಾ ಕೈ ಮುಗಿದು ನಿಂತಿದ್ದೆ. ಎಡಕ್ಕೆ ಬೀಳಲಿ ಅಂತ ಬೇಡಿಕೊಳ್ಳಬಹುದಿತ್ತು. ಅದೂ ಹೊಳೆಯಲಿಲ್ಲ.

ಬಲಕ್ಕೆ ಬಿತ್ತು. ಅಜ್ಜಿ ಅತ್ತಳು. ಅಪ್ಪ ಮೆಟ್ಟಿಲ ಮೇಲೆ ನಿಂತೇ ಮಾವನಿಗೆ ಫೋನ್ ಮಾಡಿದ.

ಏಪ್ರಿಲ್ 17

ಸಿಇಟಿ ಮುಗಿಯಿತು. ಅಭ್ಯಾಸಕ್ಕೆ ಇರಲಿ ಅಂತ ಕಳಿಸಿದ್ದರು. ವೃತ್ತಗಳನ್ನು ಕಪ್ಪು ಮಾಡಿ ಬಂದೆ.

ಮೇ 1

ನೀಟ್ ಹಾಲ್ ಟಿಕೆಟ್ ಬಿಟ್ಟಿದ್ದಾರಂತೆ. ಅಪ್ಪ ಬೈಕಿನಲ್ಲಿ ಆನವಟ್ಟಿಗೆ ಕರೆದುಕೊಂಡು ಹೋದ. ಪ್ರಿಂಟ್ ತೆಗೆಯುವವನು ಅಪ್ಲಿಕೇಶನ್ ನಂಬರ್ ಕೇಳಿದ.

"ಅಪ್ಪ, ನಾನು ಅರ್ಜಿನೇ ಹಾಕಿಲ್ಲ."

ಅಪ್ಪ ಹೊರಗೆ ಬಂದು ಎರಡು ಟೀ ಹೇಳಿದ. ತನ್ನದು ಕುಡಿಯಲಿಲ್ಲ. ಬೈಯಲಿ ಅಂತ ಕಾದೆ. ಬೈಯಲಿಲ್ಲ.

"ಅಜ್ಜಿಗೆ ಹೇಳ್ಬ್ಯಾಡ. ಅಮ್ಮನೋರ ಮಾತು ಸುಳ್ಳಾತು ಅಂದ್ರೆ ಮುದುಕಿ ಉಣ್ಣಾದಿಲ್ಲ. ಭಾನುವಾರ ಪರೀಕ್ಷೆಗೆ ಅಂತ ಶಿವಮೊಗ್ಗಕ್ಕೆ ಹೋಗಿ ಬರಾಣ."

ರಿಸಲ್ಟ್ ಬಂದಾಗ ಏನು ಮಾಡುವುದು ಎಂದು ಕೇಳಿದೆ.

"ದೇವ್ರು ಪರೀಕ್ಷೆ ಬರಿ ಅಂದೈತೆ. ಪಾಸಾಗು ಅಂದಿಲ್ಲ."

ನಗು ಬರಬೇಕಿತ್ತು.

ಮೇ 4, ಭಾನುವಾರ. ಸಂಜೆ, ಬಸ್ಸು

ಅಕ್ಷರ ಅಲುಗುತ್ತಿದೆ. ಬೆಳಿಗ್ಗೆ ಅಜ್ಜಿ ನನ್ನ ಓಲೆ ಬಿಚ್ಚಿ ತೆಗೆದಿಟ್ಟಳು. ಪರೀಕ್ಷೆಗೆ ಓಲೆ ಹಾಕುವಂತಿಲ್ಲ ಅಂತ ಅವಳಿಗೂ ಗೊತ್ತು. ದೃಷ್ಟಿ ತೆಗೆದಳು. ಅಷ್ಟು ಹೊತ್ತೂ ಅಪ್ಪ ಬೈಕ್ ಒರೆಸುತ್ತಿದ್ದ.

ಶಿವಮೊಗ್ಗ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಎರಡರಿಂದ ಐದರ ತನಕ ಕೂತಿದ್ದೆವು. ಐದಕ್ಕೆ ಅಪ್ಪ ಎದ್ದ. "ಬಿಟ್ಟಿರ್ತಾರೆ. ನಡಿ."

ಬಸ್ಸು ಹತ್ತಿದ ಮೇಲೆ ಮುಂದಿನ ಸೀಟಿನ ಹೆಂಗಸು ನನ್ನ ಬೋಳು ಕಿವಿ ನೋಡಿ, ಪೇಪರ್ ಹೇಗಿತ್ತು ಎಂದು ಕೇಳಿದಳು. ನಾನು ಬಾಯಿ ತೆಗೆಯುವ ಮೊದಲೇ, ಕಷ್ಟ ಇತ್ತಂತೆ ಎಂದ ಅಪ್ಪ. ಯಾವತ್ತೂ ಸುಳ್ಳು ಹೇಳದವನು. ನಾಚಿಕೆಯಾಯಿತು. ಎರಡು ತಿಂಗಳಲ್ಲಿ ಮೊದಲ ಸಲ ಏನೋ ಒಂದು ಅನಿಸಿತು.

ಶಿರಾಳಕೊಪ್ಪ ದಾಟಿತು. ಈಗಷ್ಟೇ ಅಪ್ಪ, ನನ್ನ ಮುಖ ನೋಡದೆ—

"ನಿಂಗೆ ಏನ್ ಓದ್ಬೇಕು ಅಂತ ಐತೆ?"

ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಅಳು ಬರುತ್ತಿದೆ. ಅಪ್ಪ ಕಾಯುತ್ತಿದ್ದಾನೆ. ಪೆನ್ ಮುಚ್ಚಿ ಹೇಳಬೇಕು. ನನಗೆ...