ನಗಿಸಿ ನೋಡಿದ ಅತ್ತಿಗೆ

ಅಣ್ಣಯ್ಯಾ,

ಹೊಟ್ಟೆ ಕೊಯ್ಸಿಕೊಂಡ ಮೂರನೇ ದಿನ ನೀನು ಹೇಳಿದ್ದು ನೆನಪಿದೆಯಾ? ‘ನಗಿಸ್ಬೇಡ್ವೋ, ಹೊಲಿಗೆ ಹರೀತದೆ.’ ಕೆಮ್ಮು ಬಂದರೂ ನೀನು ನೋವಿಗೆ ಹೆದರಿ, ದಿಂಬು ಒತ್ತಿಕೊಂಡು ನುಂಗಿದೆ. ಕಫ ಎದೆಯಲ್ಲೇ ಕಟ್ಟಿತು. ಆಮೇಲೆ ಜ್ವರ ಏರಿತು, ನೀನು ಉಳಿಯಲಿಲ್ಲ.

ಅದನ್ನೆಲ್ಲ ಮಂಚದ ಪಕ್ಕ ಕೂತು ನೋಡಿದವಳು ಅತ್ತಿಗೆ. ಎರಡು ವರ್ಷದಿಂದ ಅವಳ ಹೊಟ್ಟೆಯಲ್ಲೂ ಒಂದು ಗಡ್ಡೆ ಬೆಳೆಯುತ್ತಿತ್ತು. ಸಾಗರದ ಡಾಕ್ಟರು ಕೊಯ್ಯದೆ ಉಪಾಯವಿಲ್ಲ ಅಂದಾಗ, ‘ಹೀಂಗೇ ಸಾಯ್ತೀನಿ, ಅವರ ಹಾಂಗೆ ಬೇಡ’ ಅಂದಳು.

ಈ ಬೇಸಗೆಯಲ್ಲಿ ನನ್ನ ಹೊಟ್ಟೆಯ ಸರದಿ. ಹೊಸನಗರದಿಂದ ತೀರ್ಥಹಳ್ಳಿ, ಅಲ್ಲಿಂದ ಬಸ್ಸಿನಲ್ಲಿ ಆಗುಂಬೆ ಘಾಟಿ ಇಳಿದು ಮಂಗಳೂರು. ಪರದೇಶದಲ್ಲಿ ಕಲಿತು ಬಂದ ಡಾಕ್ಟರೊಬ್ಬರು ಬೆನ್ನಿನ ಮೂಳೆಗಳ ಸಂದಿಯಲ್ಲಿ ದಾರದಷ್ಟು ಸಣ್ಣ ನಳಿಗೆ ಇಟ್ಟು, ಆಪರೇಷನ್ ಮುಗಿದ ಮೇಲೂ ಆಗಾಗ ಅದರಲ್ಲಿ ಮದ್ದು ಬಿಡುತ್ತಿದ್ದರು. ಪೂರ್ತಿ ಎಚ್ಚರವಿತ್ತು. ಹೊಟ್ಟೆ ಮಾತ್ರ ಪಕ್ಕದ ಮನೆಯವರದು ಅನ್ನುವಷ್ಟು ದೂರ. ಸಂತೋಷವನ್ನು ಸಂಶಯದಿಂದ ನೋಡುವುದು ನನ್ನ ಅಭ್ಯಾಸ. ಆಗ ಅದೂ ಕೈಕೊಟ್ಟಿತು.

ಮೂರನೇ ದಿನ ಅತ್ತಿಗೆ ನೋಡಲು ಬಂದಳು. ‘ಎಂತ, ನರಳೂದೇ ಇಲ್ಲ? ಕೊಯ್ದದ್ದು ಹೌದೋ, ಬರೀ ಬಟ್ಟೆ ಸುತ್ತಿದ್ದೋ?’ ನೋವಿಲ್ಲ ಅಂದರೆ ನಂಬಲಿಲ್ಲ. ‘ಗಂಡಸರು ಹಲ್ಲು ಕಚ್ಕೊಂಡು ಸುಳ್ಳು ಹೇಳ್ತೀರಿ. ತಡಿ, ನಗಿಸಿ ನೋಡ್ತೀನಿ.’ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಬೀಗರ ಹಾಡು ಶುರುಮಾಡಿದಳು, ಅಣ್ಣಯ್ಯಾ! ಮದುವೆ ಊಟದಲ್ಲಿ ಎದುರು ಪಂಕ್ತಿಯವರ ಮಾನ ಕಳೆಯುತ್ತಿದ್ದ ಅದೇ ಗಂಟಲು. ನೀನು ಹೋದಮೇಲೆ ಯಾವ ಮದುವೆಮನೆಯವರೂ ಅವಳನ್ನು ಹಾಡಲು ಕರೆದಿರಲಿಲ್ಲ.

‘ಗಂಜಿಯ ಕಂಡಾರೆ ಮೈದುನನ ಗಡ್ಡ ನಗುತಾದೆ,
ಸೂಜಿಯ ಕಂಡಾರೆ ಮೀಸೆ ನಡುಗ್ತಾದೆ!’

ನಕ್ಕೆ. ತಡೆಯಲಾಗಲಿಲ್ಲ. ನಗು ಕೆಮ್ಮಾಯಿತು, ಕಫ ಕಿತ್ತು ಬಂತು. ಅವಳು ಹಾಡುತ್ತಲೇ ನನ್ನ ಹುಬ್ಬನ್ನು ನೋಡುತ್ತಿದ್ದಳು, ಎಲ್ಲಾದರೂ ಗಂಟಿಕ್ಕುತ್ತದೋ ಅಂತ. ಇಕ್ಕಲಿಲ್ಲ. ‘ನಂಗೂ ಆ ನಳಿಗೆ ಇಡ್ತಾರೇನೋ?’ ಅಂದಳು, ತೀರಾ ಸಣ್ಣ ದನಿಯಲ್ಲಿ.

ಮೊನ್ನೆ ಅದೇ ಆಸ್ಪತ್ರೆಯಲ್ಲಿ ಅವಳ ಬೆನ್ನಿಗೂ ನಳಿಗೆ ಇಟ್ಟು ಗಡ್ಡೆ ತೆಗೆದರು. ಕೆಟ್ಟದ್ದಲ್ಲವಂತೆ. ಇವತ್ತು ಬೆಳಿಗ್ಗೆ ಡಾಕ್ಟರು ‘ಕೆಮ್ಮಿ ಅಮ್ಮಾ’ ಅಂದದ್ದೇ ತಡ, ಅತ್ತಿಗೆ ದಿಂಬು ಆಚೆ ಸರಿಸಿ ಕೆಮ್ಮಿದಳು. ಎಂಥಾ ಕೆಮ್ಮು! ಪಕ್ಕದ ಮಂಚದವಳು ‘ಮೆಲ್ಲ ಮಾರಾಯ್ತಿ, ಹೊಲಿಗೆ ಬಿಚ್ಚೀತು’ ಅಂದಳು.

‘ಬಿಚ್ಚಿದ್ರೆ ಡಾಕ್ಟರೇ ಹೊಲೀತಾರೆ’ ಅಂದು ಅತ್ತಿಗೆ ಇನ್ನೊಮ್ಮೆ ಕೆಮ್ಮಿದಳು.