ಬಟ್ಟಲಲ್ಲಿಟ್ಟ ಮೂರು ಸೆಲ್

ಮಾರ್ಚ್ ೧೪, ರಾತ್ರಿ. ಎಕ್ಸ್‌ರೇ ಕೋಣೆಯ ಹೊರಗೆ.

ಕಾಯುತ್ತಾ ಬರೆಯುತ್ತಿದ್ದೇನೆ. ಸಂಜೆ ಮಗಳ ಮಾತಾಡುವ ಪೆನ್ನಿಗೆ ಹೊಸ ಬಟನ್ ಸೆಲ್ ಹಾಕಿ, ಹಳೆಯ ಮೂರನ್ನು ಅವಳ ಕೈಗೆ ಸಿಗದಿರಲೆಂದು ಕಪಾಟಿನ ಮೇಲಿನ ಬಟ್ಟಲಲ್ಲಿಟ್ಟೆ. ಊಟ ಮುಗಿಸಿ ಬಂದರೆ ಬಟ್ಟಲು ಕೆಳಗಿತ್ತು, ಸೆಲ್ ಎರಡೇ ಇದ್ದವು. ಮಗಳು ಪಕ್ಕದಲ್ಲೇ ಬಾಯಾಡಿಸುತ್ತಿದ್ದಳು. ಅವಳನ್ನೆತ್ತಿಕೊಂಡು ಅತ್ತೆಯೂ ನಾನೂ ಇಲ್ಲಿಗೆ ಓಡಿ ಬಂದೆವು.

ಅವಳ ಎಕ್ಸ್‌ರೇಯಲ್ಲಿ ಏನೂ ಇಲ್ಲ. ಹೋದ ಜೀವ ಬಂದಂತಾಯಿತು.

ಆಗ ಅತ್ತೆ ಎದೆ ನೀವಿಕೊಳ್ಳುತ್ತಾ ಅಂದರು, "ನೀನು ಬಟ್ಟಲಲ್ಲಿ ತೆಗೆದಿಟ್ಟಿದ್ದ ಮಾತ್ರೆ ಯಾಕೋ ಇಲ್ಲೇ ನಿಂತ ಹಾಗಿದೆ ಕಣೆ."

ಅವರ ರಾತ್ರಿಯ ಮಾತ್ರೆಯನ್ನು ದಿನವೂ ಆ ಬಟ್ಟಲಲ್ಲಿ ಇಡುವವಳು ನಾನೇ. ಕನ್ನಡಕ ಹುಡುಕುವ ಗೋಜಿಗೆ ಹೋಗದೆ ಅವರು ನುಂಗುತ್ತಾರೆ.

ಈಗ ಒಳಗಿರುವುದು ಅವರು. ಇವತ್ತು ನಾನು ಮಾತ್ರೆ ಇಟ್ಟೇ ಇರಲಿಲ್ಲ.